ಟಂಕಸಾಲೆಯ ತಪ್ಪೋ, ಠಕ್ಕನ ಕೈಚಳಕವೋ?

ಅಜ್ಜಿಯ ಕಾಲದ ಎಲೆಯಡಕೆ ಪೆಟ್ಟಿಗೆಯನ್ನು ತಿರುವಿ ಹಾಕಿದರೆ, ಒಣಗಿದ ಅಡಕೆ ಚೂರುಗಳ ನಡುವೆ, ಮಧ್ಯದಲ್ಲಿ ದೊಡ್ಡ ತೂತಿರುವ ಒಂದು ಕಂಚಿನ ನಾಣ್ಯ ಸಿಕ್ಕುವ ಮನೆಗಳು ಇನ್ನೂ ಇವೆ. ಮನೆಯ ಹುಡುಗರು ಅದನ್ನು ಕಂಡೊಡನೆ, ಯಾರೋ ಕೊರೆದು ಕೆಡಿಸಿದ ನಾಣ್ಯವೆಂದೋ, ಟಂಕಸಾಲೆಯಲ್ಲಿ ತಪ್ಪಿ ಹುಟ್ಟಿದ ಅಪೂರ್ವ ವಸ್ತುವೆಂದೋ ಕಲ್ಪಿಸಿಕೊಳ್ಳುವುದು ಸಹಜ. ಅದು ಎರಡೂ ಅಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ತಾಮ್ರಕ್ಕೆ ಬರ ಬಂದಾಗ, ಲೋಹವನ್ನು ಉಳಿಸುವ ಸಲುವಾಗಿ ಅಂದಿನ ಭಾರತ ಸರಕಾರವೇ ಬುದ್ಧಿಪೂರ್ವಕವಾಗಿ ತೂತಿಟ್ಟು, 1943ರಿಂದ 1947ರವರೆಗೆ ಕೋಟಿಗಟ್ಟಲೆ ಹೊರಡಿಸಿದ ಪೈಸೆ ಅದು.

ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಿನ ನಾಣ್ಯವಲ್ಲ. ಹತ್ತು ರೂಪಾಯಿಯ ಎರಡು ಲೋಹದ ನಾಣ್ಯವನ್ನು ಖೋಟಾ ಎಂದು ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ ತಿರಸ್ಕರಿಸಿದವರು ಎಷ್ಟು ಮಂದಿ! ಒಂದರಲ್ಲಿ ರೂಪಾಯಿಯ ಚಿಹ್ನೆಯುಂಟು, ಇನ್ನೊಂದರಲ್ಲಿ ಇಲ್ಲ. ಇಷ್ಟೇ ಸಾಕಾಯಿತು ಸಂಶಯಕ್ಕೆ. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಈ ನಾಣ್ಯ ಅಲ್ಲಿಯವರೆಗೆ 14 ಬಗೆಯ ವಿನ್ಯಾಸಗಳಲ್ಲಿ ಹೊರಟಿದೆ, ಎಲ್ಲವೂ ಸಾಚಾ ಎಂದು ಸಾರಿ ಹೇಳಬೇಕಾಯಿತು. ಇದಕ್ಕೆ ವಿರುದ್ಧವಾದ ಭ್ರಾಂತಿಯೂ ಉಂಟು. ಇಸವಿಯ ಕೆಳಗೆ ಮುಂಬಯಿಯ ವಜ್ರಾಕೃತಿಯಾಗಲಿ, ಹೈದರಾಬಾದಿನ ನಕ್ಷತ್ರವಾಗಲಿ, ನೋಯಿಡಾದ ಚುಕ್ಕೆಯಾಗಲಿ ಇಲ್ಲದ ನಾಣ್ಯ ದೊರೆತಾಗ, ಗುರುತು ಬಿಟ್ಟುಹೋದ ನಾಣ್ಯ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಕಲ್ಕತ್ತೆಯ ಟಂಕಸಾಲೆಗೆ ಗುರುತು ಹಾಕುವ ರೂಢಿಯೇ ಇಲ್ಲ. ಹಿಗ್ಗು ಅಲ್ಲಿಗೇ ಮುಗಿಯಿತು.

ಹಾಗಾದರೆ ನಿಜವಾದ ತಪ್ಪನ್ನು ಗುರುತಿಸುವುದು ಹೇಗೆ? ಇದಕ್ಕೆ ಜಗತ್ತಿನಲ್ಲಿಯೇ ಹೆಸರಾದ ದೃಷ್ಟಾಂತವೊಂದು, ಆ ತೂತಿನ ಪೈಸೆ ಹುಟ್ಟಿದ ವರ್ಷದಲ್ಲಿಯೇ, ಅದೇ ತಾಮ್ರದ ಬರದಿಂದಲೇ, ಅಮೆರಿಕದಲ್ಲಿ ಹುಟ್ಟಿಕೊಂಡಿತು.

ಅಮೆರಿಕದ ಅತಿ ಸಣ್ಣ ನಾಣ್ಯವಾದ ಒಂದು ಸೆಂಟು ಅಲ್ಲಿಯವರೆಗೆ ಕಂಚಿನದು. ನೂರಕ್ಕೆ ತೊಂಬತ್ತೈದು ಪಾಲು ತಾಮ್ರ. ಒಂದು ಕಡೆ ಅಬ್ರಹಾಂ ಲಿಂಕನ್ನನ ಮುಖ, ಇನ್ನೊಂದು ಕಡೆ ಗೋಧಿಯ ಎರಡು ತೆನೆಗಳು. ಮದ್ದುಗುಂಡುಗಳ ಕವಚಕ್ಕೆ, ತಂತಿಗೆ ತಾಮ್ರವೆಲ್ಲ ಬೇಕಾದಾಗ, 1942ರ ಡಿಸೆಂಬರಿನಲ್ಲಿ ಅಲ್ಲಿನ ಶಾಸನಸಭೆ ಬೇರೆ ಲೋಹವನ್ನು ಬಳಸಲು ಅನುಮತಿಯಿತ್ತಿತು. 1943ರಲ್ಲಿ ಫಿಲಡೆಲ್ಫಿಯ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಈ ಮೂರೂ ಟಂಕಸಾಲೆಗಳಿಂದ ಸತುವಿನ ತೆಳುಲೇಪವಿದ್ದ ಉಕ್ಕಿನ ಸೆಂಟುಗಳು ಹೊರಬಿದ್ದುವು. ಒಟ್ಟು ಸುಮಾರು 109 ಕೋಟಿ. ಬಿಳುಪಾಗಿ ಮಿನುಗುತ್ತಿದ್ದ ಆ ನಾಣ್ಯಗಳನ್ನು ಜನ ಹತ್ತು ಸೆಂಟಿನ ಬೆಳ್ಳಿಯ ಡೈಮ್ ಎಂದು ತಪ್ಪು ತಿಳಿದು ಮೋಸಹೋದರು. ಬೆವರಿನ ತೇವಕ್ಕೆ ಅವು ತುಕ್ಕು ಹಿಡಿದುವು. ಯಾರಿಗೂ ಬೇಡವಾದ ಆ ಕೂಸನ್ನು ಒಂದೇ ವರ್ಷಕ್ಕೆ ಕೈಬಿಟ್ಟು, 1944ರಲ್ಲಿ ಟಂಕಸಾಲೆಗಳು ಮತ್ತೆ ತಾಮ್ರಕ್ಕೆ ಮರಳಿದುವು.

ಆದರೆ ಅಷ್ಟರಲ್ಲಿ ಒಂದು ಗಾಳಿಮಾತು ಹಬ್ಬಿತ್ತು: 1943ರ ಇಸವಿಯುಳ್ಳ ಕೆಲವು ಸೆಂಟುಗಳು ತಾಮ್ರದವೂ ಇವೆಯಂತೆ! ಅಂಥದೊಂದನ್ನು ತಂದುಕೊಟ್ಟವರಿಗೆ ಹೆನ್ರಿ ಫೋರ್ಡನು ಹೊಸ ಮೋಟಾರು ಕಾರನ್ನೇ ಕೊಡುತ್ತಾನಂತೆ! ಈ ಎರಡನೆಯ ಮಾತು ಶುದ್ಧ ಕಟ್ಟುಕಥೆ. ಮೊದಲನೆಯದು ಮಾತ್ರ ನಿಜವಾಗಿತ್ತು.

ಅದು ನಿಜವಾದುದು ಹೇಗೆ ಎಂಬುದರಲ್ಲಿಯೇ ಸಮಸ್ತ ಪರೀಕ್ಷೆಯ ಬೀಗದ ಕೈ ಇದೆ. ನಾಣ್ಯ ಹುಟ್ಟುವ ಬಗೆಯನ್ನು ಒಮ್ಮೆ ನೆನೆಯಬೇಕು. ಮೊದಲು ಲೋಹದ ತಗಡಿನಿಂದ ದುಂಡಗಿನ ಖಾಲಿ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅನಂತರ ಅವನ್ನು ಒಂದು ಯಂತ್ರದಲ್ಲಿ ಉರುಳಿಸಿ, ಸುತ್ತಲೂ ಅಂಚು ಉಬ್ಬುವಂತೆ ಮಾಡುತ್ತಾರೆ. ಕೊನೆಗೆ ಬಳೆಯಂಥ ಉಕ್ಕಿನ ಕಟ್ಟಿನೊಳಗೆ ಬಿಲ್ಲೆಯನ್ನಿಟ್ಟು, ಮೇಲೊಂದು ಕೆಳಗೊಂದು ಅಚ್ಚುಗಳ ನಡುವೆ ಬಲವಾಗಿ ಒತ್ತಿದರೆ ನಾಣ್ಯವಾಯಿತು. ಬಿಲ್ಲೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದಕ್ಕೆ ದೊಡ್ಡ ದೊಡ್ಡ ತೊಟ್ಟಿಗಳಿರುತ್ತವೆ. 1942ರ ಕೊನೆಯಲ್ಲಿ ಅಂಥ ತೊಟ್ಟಿಗಳ ಸಂದಿಗಳಲ್ಲಿ ಕೆಲವು ಕಂಚಿನ ಬಿಲ್ಲೆಗಳು ಸಿಕ್ಕಿಕೊಂಡು ಉಳಿದುವೆಂದೂ, ಹೊಸ ವರ್ಷದಲ್ಲಿ ಅದೇ ತೊಟ್ಟಿಗಳಿಗೆ ಉಕ್ಕಿನ ಬಿಲ್ಲೆಗಳನ್ನು ಸುರಿದಾಗ ಅವು ಸಡಿಲಗೊಂಡು ಜೊತೆಯಲ್ಲಿ ಯಂತ್ರದೊಳಕ್ಕೆ ಜಾರಿದುವೆಂದೂ ತಜ್ಞರ ವಿವರಣೆ. ಯಂತ್ರಕ್ಕೆ ಕಣ್ಣಿಲ್ಲ, ಕಂಚು ಬಂದರೂ ಒತ್ತಿತು, ಉಕ್ಕು ಬಂದರೂ ಒತ್ತಿತು. ನೂರೊಂಬತ್ತು ಕೋಟಿಯ ಆ ರಾಶಿಯೊಳಗಿಂದ ಈವರೆಗೆ ಸಾಚಾ ಎಂದು ದೃಢಪಟ್ಟಿರುವ ಕಂಚಿನ ಸೆಂಟುಗಳ ಸಂಖ್ಯೆ ಎರಡು ಡಜನ್ನಿನ ಆಸುಪಾಸು ಮಾತ್ರ.

ತಪ್ಪಿನ ನಾಣ್ಯವನ್ನು ಕೈಗೆತ್ತಿಕೊಂಡವನು ಕೇಳಬೇಕಾದ ಪ್ರಶ್ನೆ ಇದರಿಂದ ಸ್ಪಷ್ಟವಾಗುತ್ತದೆ. ‘ಇದು ಎಷ್ಟು ವಿಚಿತ್ರವಾಗಿದೆ!’ ಎಂಬುದು ಪ್ರಶ್ನೆಯಲ್ಲ. ಟಂಕಸಾಲೆಯ ಯಾವ ಹಂತದಲ್ಲಿ, ಯಾವ ಯಂತ್ರದಿಂದ, ಇಂಥ ತಪ್ಪು ಸಂಭವಿಸಬಲ್ಲುದು ಎಂಬುದೇ ಪ್ರಶ್ನೆ. ಉತ್ತರ ದೊರೆಯದಿದ್ದರೆ, ಆ ತಪ್ಪು ನಾಣ್ಯ ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಯಾರದೋ ಕೈಯಿಂದ ಆಗಿರಬೇಕು.

1947ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಪಿಟ್ಸ್‌ಫೀಲ್ಡ್ ಎಂಬ ಊರಿನ ಶಾಲಾಬಾಲಕನೊಬ್ಬನಿಗೆ ಊಟದ ಕೋಣೆಯಲ್ಲಿ ಕೊಟ್ಟ ಚಿಲ್ಲರೆಯಲ್ಲಿ 1943ರ ಕೆಂಪು ಸೆಂಟೊಂದು ಬಂತು. ಹುಡುಗನಿಗೆ ನಾಣ್ಯ ಸಂಗ್ರಹದ ಹವ್ಯಾಸವಿತ್ತು. ಗಾಳಿಮಾತು ಕಿವಿಗೆ ಬಿದ್ದ ಮೇಲೆ ಅವನು ಫೋರ್ಡ್ ಕಂಪೆನಿಯನ್ನು ವಿಚಾರಿಸಿದ. ಕಾರಿನ ಮಾತು ಸುಳ್ಳೆಂದು ತಿಳಿಯಿತು. ಸರಕಾರದ ಖಜಾನೆ ಇಲಾಖೆಯನ್ನು ಕೇಳಿದ. 1943ರಲ್ಲಿ ತಾಮ್ರದ ಸೆಂಟುಗಳನ್ನು ಒತ್ತಿಯೇ ಇಲ್ಲ, ಆ ವರ್ಷದ್ದೆಲ್ಲ ಸತು ಲೇಪಿಸಿದ ಉಕ್ಕಿನವೇ ಎಂದು ಖಡಾಖಂಡಿತವಾದ ಉತ್ತರ ಬಂತು. ಆ ಕಾಲದಲ್ಲಿ ಇಲಾಖೆಗೆ ಬರೆದವರಿಗೆಲ್ಲ ಸಿಗುತ್ತಿದ್ದ ಉತ್ತರ ಅದೇ. ಅವರಲ್ಲಿ ಬಹುಮಂದಿಯ ಕೈಯಲ್ಲಿದ್ದುದು ಖೋಟಾ ನಾಣ್ಯವೇ ಆದ್ದರಿಂದ ಉತ್ತರ ಬಹುಮಟ್ಟಿಗೆ ಸರಿಯಾಗಿಯೇ ಇತ್ತೆನ್ನಬಹುದು. ಈ ಹುಡುಗನ ವಿಷಯದಲ್ಲಿ ಮಾತ್ರ ಅದು ತಪ್ಪಾಗಿತ್ತು. ಹೊರಡಿಸಿದ ಸರಕಾರವೇ ಅಲ್ಲಗಳೆದ ಆ ನಾಣ್ಯವನ್ನು ಅವನು ಬಿಸಾಡಲಿಲ್ಲ, ಮಾರಲೂ ಇಲ್ಲ. ಎಪ್ಪತ್ತು ವರ್ಷ ತನ್ನ ಬಳಿಯಲ್ಲಿಯೇ ಇಟ್ಟುಕೊಂಡ. ಪರೀಕ್ಷೆಯಲ್ಲಿ ಅದು ಸಾಚಾ ಎಂದು ತೀರ್ಮಾನವಾಗಿ, ಅವನು ತೀರಿಕೊಂಡ ಮೇಲೆ, 2019ರ ಜನವರಿಯ ಹರಾಜಿನಲ್ಲಿ 2,04,000 ಡಾಲರಿಗೆ ಹೋಯಿತು.

ಇಲಾಖೆಯ ಕಾಗದಕ್ಕೆ ಸಾಧ್ಯವಾಗದ ವಿವೇಚನೆಯನ್ನು ಸೂಜಿಗಲ್ಲು, ತಕ್ಕಡಿ, ಭೂತಗನ್ನಡಿಗಳು ಸಾಧಿಸಿಕೊಟ್ಟುವು. ಹೇಗೆಂಬುದನ್ನು ತುಸು ವಿಸ್ತಾರವಾಗಿಯೇ ನೋಡಬಹುದು.

ಖೋಟಾಗಾರನಿಗೆ ಅತ್ಯಂತ ಸುಲಭವಾದ ದಾರಿಯೆಂದರೆ, ಎಲ್ಲೆಲ್ಲಿಯೂ ಸಿಕ್ಕುವ 1943ರ ಉಕ್ಕಿನ ಸೆಂಟಿಗೆ ತಾಮ್ರದ ಗಿಲೀಟು ಹಾಕುವುದು. ಇಸವಿ ನಿಜ, ಮುಖ ನಿಜ, ಅಚ್ಚು ನಿಜ; ಬಣ್ಣವೊಂದೇ ಸುಳ್ಳು. ಮಕ್ಕಳ ಆಟದ ಸೂಜಿಗಲ್ಲನ್ನು ಹತ್ತಿರ ಹಿಡಿದರೆ ಸಾಕು, ನಾಣ್ಯ ಹಾರಿ ಅಂಟಿಕೊಳ್ಳುತ್ತದೆ, ಕಥೆ ಮುಗಿಯಿತು. ‘ತಾಮ್ರದ 1943’ ಎಂದು ಹೇಳಿಕೊಂಡು ಬರುವ ನಾಣ್ಯಗಳಲ್ಲಿ ಬಹುಪಾಲು ಈ ಮೊದಲ ಮೆಟ್ಟಿಲಿನಲ್ಲಿಯೇ ಜಾರಿಬೀಳುತ್ತವೆ.

ಇಲ್ಲಿ ಅನೇಕರು ಎಡವುತ್ತಾರೆ. ಅಂಟಿದರೆ ಸುಳ್ಳು, ಸರಿ. ಅಂಟದಿದ್ದರೆ ನಿಜವೆಂದು ಅವಸರದಿಂದ ತೀರ್ಮಾನಿಸುತ್ತಾರೆ. ಸೂಜಿಗಲ್ಲಿಗೆ ‘ಅಲ್ಲ’ ಎನ್ನಲು ಬರುತ್ತದೆಯೇ ಹೊರತು ‘ಹೌದು’ ಎನ್ನಲು ಬರುವುದಿಲ್ಲ. ಏಕೆಂದರೆ ಖೋಟಾಗಾರನ ಎರಡನೆಯ ಉಪಾಯ ಬೇರೆ. ಅವನು 1948ರ ನಿಜವಾದ ಕಂಚಿನ ಸೆಂಟನ್ನೇ ತೆಗೆದುಕೊಳ್ಳುತ್ತಾನೆ. ಕೊನೆಯ 8ರ ಅಂಕಿಯ ಎಡಬದಿಯನ್ನು ಸೂಕ್ಷ್ಮವಾದ ಉಳಿಯಿಂದ ಕೆತ್ತಿ ತೆಗೆದರೆ ಅದು 3 ಆಗಿಬಿಡುತ್ತದೆ. ಸೂಜಿಗಲ್ಲು ಇಂಥದನ್ನು ಮುಟ್ಟುವುದಿಲ್ಲ. ತೂಕಕ್ಕೆ ಹಾಕಿದರೂ ಪ್ರಯೋಜನವಿಲ್ಲ; ಕಂಚಿನ ಸೆಂಟಿನ ನ್ಯಾಯವಾದ ತೂಕ 3.11 ಗ್ರಾಂ, ಇದೂ ಅಷ್ಟೇ ತೂಗುತ್ತದೆ. ಲೋಹ ಸಾಚಾ ಆಗಿರುವುದರಿಂದ ಲೋಹದ ಪರೀಕ್ಷೆಗಳೆಲ್ಲವೂ ಇಲ್ಲಿ ವ್ಯರ್ಥ.

ಅವನನ್ನು ಹಿಡಿದುಕೊಡುವುದು 3ರ ಬಾಲ. 1943ರ ಅಚ್ಚಿನಲ್ಲಿ 3ರ ಅಂಕಿಯ ಬಾಲ ಉದ್ದವಾಗಿ, ಪಕ್ಕದ ಅಂಕಿಗಳ ಮಟ್ಟಕ್ಕಿಂತ ಕೆಳಕ್ಕೆ ಚಾಚಿಕೊಂಡಿದೆ. 8ರಿಂದ ಕೆತ್ತಿದ 3 ಮೋಟಾಗಿ, ದುಂಡಗೆ ಉಳಿಯುತ್ತದೆ. ಇಲ್ಲದ ಬಾಲವನ್ನು ಕೆತ್ತಿ ಹುಟ್ಟಿಸುವುದು ಸಾಧ್ಯವಿಲ್ಲ. ಅಲ್ಲದೆ ಉಳಿ ಆಡಿದ ಜಾಗದಲ್ಲಿ ನಾಣ್ಯದ ನೆಲ ಸಹಜವಾಗಿ ಉಳಿಯದೆ ಸಣ್ಣ ಗೀರುಗಳು ಭೂತಗನ್ನಡಿಗೆ ಕಾಣುತ್ತವೆ. ಇದನ್ನು ನೋಡಲು ಬೇಕಾದದ್ದು ಪಾಂಡಿತ್ಯವಲ್ಲ. ಅದೇ ಇಸವಿಯ ಒಂದು ಉಕ್ಕಿನ ಸೆಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡರ ಅಂಕಿಗಳನ್ನು ಹೋಲಿಸುವ ತಾಳ್ಮೆ ಸಾಕು.

ತಕ್ಕಡಿಯ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ಉಕ್ಕಿನ ಸೆಂಟಿನ ತೂಕ ಸುಮಾರು 2.7 ಗ್ರಾಂ. ಕಂಚಿನದಕ್ಕೂ ಅದಕ್ಕೂ ಇರುವ ಅಂತರ ಅರ್ಧ ಗ್ರಾಮಿಗಿಂತ ಕಡಿಮೆ. ಅಡಿಗೆಮನೆಯ ತಕ್ಕಡಿಗೆ ಇದು ತಿಳಿಯುವುದಿಲ್ಲ. ಚಿನ್ನ ಬೆಳ್ಳಿ ತೂಗುವ ಅಕ್ಕಸಾಲೆಯ ಅಂಗಡಿಗೆ ಹೋಗಬೇಕು.

ಮೂರನೆಯ ಬಗೆಯ ಖೋಟಾಗಾರ ಇನ್ನೂ ನುರಿತವನು. ಅವನು ಅಚ್ಚನ್ನೇ ನಕಲು ಮಾಡಿ, ಕಂಚಿನ ಬಿಲ್ಲೆಯ ಮೇಲೆ ಹೊಸದಾಗಿ ಒತ್ತುತ್ತಾನೆ. ಇಂಥಲ್ಲಿ ಪರೀಕ್ಷೆ ಮನೆಯ ಮಿತಿಯನ್ನು ದಾಟುತ್ತದೆ. ಪರಿಣತರು ಮೊದಲು ಗಮನಿಸುವುದು ಒತ್ತಿನ ಬಲವನ್ನು. 1943ರಲ್ಲಿ ಯಂತ್ರಗಳನ್ನು ಗಡುಸಾದ ಉಕ್ಕಿಗೆ ಹೊಂದಿಸಿ ಬಿಗಿಗೊಳಿಸಿದ್ದರು. ಅಂಥ ಬಿಗಿಯಲ್ಲಿ ಮೆದುವಾದ ಕಂಚಿನ ಬಿಲ್ಲೆ ಸಿಕ್ಕಿದಾಗ ಲೋಹ ಅಚ್ಚಿನ ಮೂಲೆಮೂಲೆಗೂ ಹರಿದು, ಅಕ್ಷರಗಳೂ ಮುಖ್ಯವಾಗಿ ಅಂಚೂ ಸಾಮಾನ್ಯ ಸೆಂಟಿಗಿಂತ ಹೆಚ್ಚು ಚೂಪಾಗಿ ಮೂಡಿದುವು. ಖೋಟಾಗಾರನಿಗೆ ಇದು ತಿಳಿದಿರಬಹುದು. ಮಾಡಿ ತೋರಿಸುವುದು ಕಷ್ಟ. ಎರಡನೆಯದಾಗಿ, ಪ್ರತಿಯೊಂದು ಅಚ್ಚಿಗೂ ತನ್ನದೇ ಆದ ಸಣ್ಣ ಗೀರು, ಬಿರುಕುಗಳಿರುತ್ತವೆ; ಅದರಿಂದ ಹೊರಬಂದ ನಾಣ್ಯಗಳೆಲ್ಲ ಅವನ್ನು ಹೊತ್ತಿರುತ್ತವೆ. ಸಂಶಯದ ನಾಣ್ಯದ ಮೇಲಿನ ಗೀರುಗಳೇ ಒಂದು ಸಾಚಾ ಉಕ್ಕಿನ ಸೆಂಟಿನ ಮೇಲೂ ದೊರೆತರೆ ಎರಡೂ ಒಂದೇ ತಾಯ ಮಕ್ಕಳೆಂದು ತಿಳಿಯುತ್ತದೆ. ಇನ್ನು ಕ್ಷ-ಕಿರಣಗಳನ್ನು ಹಾಯಿಸಿ, ನಾಣ್ಯಕ್ಕೆ ಗಾಯವಾಗದಂತೆ, ತಾಮ್ರವೆಷ್ಟು, ತವರವೆಷ್ಟು, ಸತುವೆಷ್ಟು ಎಂದು ಅಳೆಯುವ ಉಪಕರಣಗಳೂ ಬಂದಿವೆ.

ಈ ಕಥೆಗೆ ತಿರುವುಮುರುವಾದ ಒಂದು ಅನುಬಂಧವೂ ಉಂಟು. 1944ರಲ್ಲಿ ಕಂಚಿಗೆ ಮರಳಿದ ಮೇಲೆ, ಹಿಂದಿನ ವರ್ಷದ ಕೆಲವು ಉಕ್ಕಿನ ಬಿಲ್ಲೆಗಳು ಯಂತ್ರಕ್ಕೆ ಸಿಕ್ಕಿ, 1944ರ ಉಕ್ಕಿನ ಸೆಂಟುಗಳು ಹುಟ್ಟಿಕೊಂಡುವು. ಉಳಿದ ಉಕ್ಕಿನ ಬಿಲ್ಲೆಗಳ ಮೇಲೆ, ಆಗಷ್ಟೆ ಬಿಡುಗಡೆ ಹೊಂದಿದ ಬೆಲ್ಜಿಯಂ ದೇಶಕ್ಕಾಗಿ ಎರಡು ಫ್ರಾಂಕುಗಳ ನಾಣ್ಯವನ್ನು ಫಿಲಡೆಲ್ಫಿಯದಲ್ಲಿ ಒತ್ತಿದ್ದರಿಂದ, ಅಂಥ ಬಿಲ್ಲೆಗಳು ಅಲ್ಲಿ ಆ ವರ್ಷವೂ ಓಡಾಡಿಕೊಂಡಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಸೂಜಿಗಲ್ಲಿಗೆ ಅಂಟಿಕೊಳ್ಳುವುದೇ ಸಾಚಾತನದ ಮೊದಲ ಲಕ್ಷಣ.

ಅಮೆರಿಕದ ಸೆಂಟು ಕನ್ನಡದ ಮನೆಗಳಿಗೆ ಬರುವುದು ಅಪರೂಪ; ಆದರೆ ಈ ವಿಚಾರಕ್ರಮ ಯಾವ ನಾಣ್ಯಕ್ಕಾದರೂ ಒಪ್ಪುತ್ತದೆ. ಒಂದು ಬದಿಯಲ್ಲಿ ತುಂಡಾದಂತೆ ಕಾಣುವ ನಾಣ್ಯವನ್ನು ನೋಡಿ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ, ಮೊದಲೇ ಕತ್ತರಿಸಿ ತೂತಾದ ಜಾಗದ ಮೇಲೆ ಯಂತ್ರ ಬಿದ್ದರೆ ಹೀಗೆ ಕಚ್ಚಿದಂತೆ ಚೂರು ತಪ್ಪಿಹೋಗುತ್ತದೆ. ಅಂಥ ಬಿಲ್ಲೆ ಅಂಚು ಉಬ್ಬಿಸುವ ಯಂತ್ರದಲ್ಲಿ ಉರುಳುವಾಗ, ತುಂಡಾದ ಕಡೆ ಒತ್ತಡವಿಲ್ಲದೆ ಹೋಗಿ, ಅದರ ನೇರ ಎದುರುಬದಿಯಲ್ಲಿಯೂ ಅಂಚು ಸರಿಯಾಗಿ ಉಬ್ಬುವುದಿಲ್ಲ. ಆದುದರಿಂದ ಸಾಚಾ ನಾಣ್ಯದಲ್ಲಿ ಗಾಯ ಒಂದು ಕಡೆ, ಅದರ ಸಾಕ್ಷಿ ಇನ್ನೊಂದು ಕಡೆ. ತುಂಡಾದ ಬದಿಯ ಅಕ್ಷರಗಳೂ ಖಾಲಿ ಜಾಗದತ್ತ ಎಳೆದಂತಿರುತ್ತವೆ. ಅರದಿಂದ ಉಜ್ಜಿ, ಕತ್ತರಿಯಿಂದ ಕತ್ತರಿಸಿ ಸಂಪಾದನೆಗೆ ಹೊರಟವನಿಗೆ ಎದುರುಬದಿಯ ನೆನಪೇ ಇರುವುದಿಲ್ಲ. ಅಲ್ಲಿ ಅಂಚು ಗಟ್ಟಿಮುಟ್ಟಾಗಿ ನಿಂತು ಅವನ ಮೇಲೆ ಸಾಕ್ಷಿ ಹೇಳುತ್ತದೆ.

ಇನ್ನೊಂದು ಸೊಗಸಾದ ತಪ್ಪು, ಒಂದೇ ಮುಖ ಎರಡೂ ಕಡೆ ಇದ್ದು, ಒಂದು ಕಡೆ ಉಬ್ಬಾಗಿ, ಇನ್ನೊಂದು ಕಡೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಒಳಕ್ಕೆ ಇಳಿದಿರುವುದು. ಒತ್ತಿದ ನಾಣ್ಯ ಅಚ್ಚಿಗೇ ಅಂಟಿಕೊಂಡು ನಿಂತು, ಮುಂದಿನ ಬಿಲ್ಲೆಗೆ ತಾನೇ ಅಚ್ಚಾಗುವುದರಿಂದ ಹೀಗಾಗುತ್ತದೆ. ಇದನ್ನು ನಕಲು ಮಾಡುವವರು ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಕಮ್ಮಾರಸಾಲೆಯ ವೈಸಿನಲ್ಲಿ ಬಿಗಿಯುತ್ತಾರೆ. ತಿರುಗುಮುರುಗಾದ ಅಕ್ಷರಗಳೇನೋ ಮೂಡುತ್ತವೆ; ಆದರೆ ಅವುಗಳ ಕೆಳಗೆ ಮೊದಲಿದ್ದ ಚಿತ್ರ ಜಜ್ಜಿಹೋಗಿ ಇಣುಕುತ್ತಿರುತ್ತದೆ, ಹಿಂಬದಿಯೂ ಚಪ್ಪಟೆಯಾಗಿರುತ್ತದೆ. ಎರಡು ಕಡೆಯೂ ಸಿಂಹಮುದ್ರೆಯುಳ್ಳ ನಾಣ್ಯವೆಂದು ತೋರಿಸುವುದರಲ್ಲಿ ಹೆಚ್ಚಿನವು ಎರಡು ನಾಣ್ಯಗಳನ್ನು ಕೊರೆದು ಒಂದರೊಳಗೊಂದು ಕೂರಿಸಿದವು. ಅಂಚಿನ ಒಳಸುತ್ತಿನಲ್ಲಿ ಕೂದಲೆಳೆಯಂಥ ಬೆಸುಗೆಯ ಗೆರೆ ಕಾಣುತ್ತದೆ. ಕಲ್ಲಿನ ಮೇಲೆ ಹಾಕಿದರೆ ‘ಠಣ್’ ಎನ್ನುವ ಬದಲು ‘ಠಪ್’ ಎನ್ನುತ್ತದೆ. ಬೆಳ್ಳಿ ರೂಪಾಯಿಯ ಕಾಲದ ಸರಾಫರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಿಚಿತ್ರ ನಾಣ್ಯವೊಂದು ಕೈಗೆ ಬಂದಾಗ ಗೃಹಿಣಿಯರು ಮೊದಲು ಮಾಡುವ ಉಪಕಾರವೆಂದರೆ ಅದನ್ನು ಹುಣಸೆಹಣ್ಣು ಹಚ್ಚಿ ತಳತಳಿಸುವಂತೆ ತೊಳೆಯುವುದು. ಪೂಜೆಯ ತಂಬಿಗೆಗೆ ಇದು ಸಲ್ಲುತ್ತದೆ, ನಾಣ್ಯಕ್ಕೆ ಸಲ್ಲದು. ನಾಣ್ಯದ ಮೇಲೆ ವರ್ಷಗಟ್ಟಲೆ ಕೂಡಿಬಂದ ಮಾಸಲು ಪದರ ಕೊಳೆಯಲ್ಲ, ದಾಖಲೆ. ತಪ್ಪು ನಾಣ್ಯದಷ್ಟೇ ಹಳೆಯದೋ, ನಿನ್ನೆ ಮೊನ್ನೆ ಯಾರೋ ಮಾಡಿದ್ದೋ ಎಂಬುದನ್ನು ಆ ಪದರವೇ ಹೇಳಬೇಕು: ಗಾಯದೊಳಗೂ ಹೊರಗೂ ಬಣ್ಣ ಒಂದೇ ಆಗಿದ್ದರೆ ಒಂದು ಅರ್ಥ, ಗಾಯ ಮಾತ್ರ ಹೊಳೆಯುತ್ತಿದ್ದರೆ ಇನ್ನೊಂದು. ತೊಳೆದಮೇಲೆ ಎರಡೂ ಒಂದೇ. ಅಂಚನ್ನು ಬೆರಳುಗಳಲ್ಲಿ ಹಿಡಿದು, ಮೆತ್ತನೆಯ ಕಾಗದದಲ್ಲಿ ಸುತ್ತಿಟ್ಟರೆ ಸಾಕು.

ಬೆಲೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡಿಸುವೆವೆಂದು ಆಸೆ ಹುಟ್ಟಿಸಿ, ರಿಸರ್ವ್ ಬ್ಯಾಂಕಿನ ಹೆಸರನ್ನೇ ಹೇಳಿ, ಮೊದಲು ಶುಲ್ಕ ಕಟ್ಟಿಸಿಕೊಳ್ಳುವ ವಂಚಕರು ಹುಟ್ಟಿಕೊಂಡಿದ್ದಾರೆ. ತಾನು ಇಂಥ ವ್ಯಾಪಾರದಲ್ಲಿಲ್ಲ, ಇಂಥದಕ್ಕೆ ಶುಲ್ಕ ಕೇಳುವುದೂ ಇಲ್ಲ ಎಂದು ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳುವ ವ್ಯಾಪಾರ ಲೋಕದಲ್ಲಿ ಎಲ್ಲಿಯೂ ಇಲ್ಲವಷ್ಟೆ! ಫೋರ್ಡನ ಕಾರಿನ ಕಥೆಗೆ ಇದು ತಮ್ಮನಾಗಬೇಕು. ಅಣ್ಣ ಸುಳ್ಳನಾದರೂ ನಿರುಪದ್ರವಿ. ತಮ್ಮ ಮನೆ ಮುರಿಯುವವನು.

ಎಲ್ಲ ಪರೀಕ್ಷೆಗಳಲ್ಲಿ ಗೆದ್ದ ಮೇಲೂ ಒಂದು ಪ್ರಶ್ನೆ ಉಳಿಯುವುದುಂಟು. ಡೆನ್ವರ್ ಟಂಕಸಾಲೆಯ 1943ರ ಕಂಚಿನ ಸೆಂಟು ಈವರೆಗೆ ಒಂದೇ ಒಂದು ದೊರೆತಿದೆ. ಇಸವಿಯ ಕೆಳಗಿನ ‘ಡಿ’ ಅಕ್ಷರ ನಿಜ, ಲೋಹ ನಿಜ, ಅಚ್ಚು ನಿಜ. ಆದರೆ ಅದು ತೊಟ್ಟಿಯ ಸಂದಿಯಿಂದ ಜಾರಿಬಂದದ್ದಲ್ಲ, ಟಂಕಸಾಲೆಯ ನೌಕರನೊಬ್ಬ ಕಂಚಿನ ಬಿಲ್ಲೆಯನ್ನು ಬೇಕೆಂದೇ ಯಂತ್ರದಲ್ಲಿಟ್ಟು ಒತ್ತಿ ತೆಗೆದದ್ದು ಎಂದು ತಜ್ಞರು ನಂಬುತ್ತಾರೆ. ಅಂದರೆ ನಾಣ್ಯ ಸಾಚಾ, ತಪ್ಪು ಮಾತ್ರ ಖೋಟಾ! ಸಂಗ್ರಾಹಕರು ಇದರಿಂದ ಹಿಂಜರಿದಂತೆ ಕಾಣಲಿಲ್ಲ. 2010ರಲ್ಲಿ ಅದು 17 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2021ರಲ್ಲಿ ಮತ್ತೆ ಹರಾಜಿಗೆ ಬಂದಾಗ ದೊರೆತದ್ದು 8,40,000 ಡಾಲರು.